ಒಂದು ಹಂಡೆ ನೀರಿನ ಹೀರೋ

ಈ ಊರಲ್ಲಿ ಪೇಟ ಹಾಕಿಸ್ಕೊಂಡಿರೋ ಗಂಡು ಒಬ್ನೇ, ಅದು ನಾನು. ಓದ್ತಾ ಇರೋ ನೀವು ಕೂತಿದ್ರೆ ಎದ್ದು ನಿಂತ್ಕೊಳ್ಳಿ, ನಿಂತಿದ್ರೆ ಚಪ್ಪಲಿ ಬಿಡಿ, ಮಲಗಿದ್ರೆ ಪರವಾಗಿಲ್ಲ ಮಲಗಿ, ಕನಸಲ್ಲೂ ಎಂಟ್ರಿ ನಂದೇ. ಹೆಸರು ಮಾದೇಶ. ಊರಿಗೆ ಡೈಲಾಗ್ ಮಾದೇಶ. ವಾಜಿದಣ್ಣನ ಶಾಮಿಯಾನ ಅಂಗಡೀಲಿ ಕಂಬ ಹೊರೋದು, ಆಟೋದಲ್ಲಿ ಮೈಕ್ ಹಿಡ್ಕೊಂಡು ಬೀದಿ ಬೀದಿ ಕೂಗೋದು ನನ್ನ ಕೆಲಸ. ನಾನು ತಿಥಿ ಊಟಕ್ಕೆ ಅನೌನ್ಸ್ ಮಾಡಿದ್ರೂ ಜನ ಯಾವ ಪಿಚ್ಚರ್ರು ಅಂತ ಕೇಳ್ತಾರೆ, ಗಂಟ್ಲು ಅಂಥದ್ದು. ಬೀದೀಲಿ ಮಲಗ್ತಿದ್ದ ಒಬ್ಬ ಹೆಂಗಸನ್ನ ಎತ್ತಿ ಒಂದು ಸೂರಿನ ಕೆಳಗೆ ಕೂರಿಸಿದ ಕಥೆ ಇದು. ಎತ್ತಿದ್ದು ಯಾರು ಅಂತ ಬೇರೆ ಹೇಳ್ಬೇಕಾ.

ನಮ್ಮೂರಲ್ಲಿ ಕೊಡೋದು ಸುಲಭ ಅಲ್ಲ. ನೀವು ಯಾರಿಗಾದ್ರೂ ಏನಾದ್ರೂ ಕೊಟ್ರಿ ಅಂತಿಟ್ಕೊಳ್ಳಿ. ಅದು ಅವರಿಗೆ ಬೇಕಾಗಿದ್ದಲ್ಲ ಅಂದ್ರೆ, ಮಾರನೇ ಬೆಳಿಗ್ಗೆ ಹಾಲಿನೋನು ಬರೋ ಹೊತ್ತಿಗೆ ಅದು ಎದ್ದು ನಿಮ್ಮನೆಗೆ ವಾಪಸ್ ಬರುತ್ತೆ. ಕಂಬಳಿ ಆದ್ರೆ ಉರುಳ್ಕೊಂಡು, ಚಪ್ಪಲಿ ಆದ್ರೆ ಎಡ ಬಲ ಹಾಕ್ಕೊಂಡು, ಛತ್ರಿ ಆದ್ರೆ ಒಂಟಿಕಾಲಲ್ಲಿ ಕುಂಟ್ಕೊಂಡು. ಮದುವೆಗೆ ಕೊಟ್ಟ ಗೋಡೆ ಗಡಿಯಾರಗಳಂತೂ ಗುಂಪು ಕಟ್ಕೊಂಡು ಬರ್ತವೆ. ಪಕ್ಕದೂರಿಗೆ ಕೊಟ್ಟಿದ್ದು ಮೊದಲನೇ ಬಸ್ಸಿಗೆ ಬರುತ್ತೆ, ಕಂಡಕ್ಟ್ರು ಲಗೇಜ್ ಟಿಕೆಟ್ ಹರಿಯಲ್ಲ, ಅಭ್ಯಾಸ ಆಗಿದೆ. ವಸ್ತು ಯಾರದ್ದೇ ಆಗಿರ್ಲಿ, ಕೊಟ್ಟೋನ ಮನೆಗೇ ಬರೋದು. ಒಂದ್ಸಲ ಪಕ್ಕದ ಮನೆಯೋರ ಸೈಕಲ್ ಎತ್ತಿ ಒಬ್ಬ ಫ್ರೆಂಡಿಗೆ ಗಿಫ್ಟ್ ಕೊಟ್ಟು, ಬೆಳಿಗ್ಗೆ ಅದು ನಮ್ಮನೆ ಮುಂದೆ ಬೆಲ್ ಹೊಡೀತಾ ನಿಂತಿದ್ದು, ಅದು ಬೇರೆ ಪಿಚ್ಚರ್ರು, ಬಿಡಿ.

ಹಂಗಾದ್ರೆ ಏನ್ ಬೇಕು ಅಂತ ಕೇಳಿ ಕೊಡಬಹುದಲ್ಲ ಅಂತೀರಿ. ಕೇಳಂಗಿಲ್ಲ. ಕೇಳಿ ಕೊಡೋನಿಗೆ ನಮ್ಮೂರಲ್ಲಿ ಬೆಲೆ ಇಲ್ಲ, ಮುಖ ನೋಡಿ ಊಹೆ ಮಾಡಿ ಕೊಡ್ಬೇಕು. ಬೇಕು ಅಂತ ಬಾಯ್ಬಿಟ್ಟೋರ ಕಥೆ ಇನ್ನೂ ಕಷ್ಟ. ಅವರನ್ನ ಕೇಳೋರು ಅಂತಾರೆ. ಕೇಳೋರನ್ನ ಯಾರೂ ಕೆಲಸಕ್ಕೆ ಇಟ್ಕೊಳಲ್ಲ, ಹೊಸಿಲು ದಾಟಿಸಲ್ಲ. ಹಿಂಗಾಗಿ ಇಡೀ ಊರು ಒಬ್ರ ಮುಖ ಒಬ್ರು ನೋಡ್ಕೊಂಡು ಊಹೆ ಮಾಡ್ತಾ ಇರುತ್ತೆ. ಊಹೆ ತಪ್ಪಿದ್ರೆ ಬೆಳಿಗ್ಗೆ ಎಲ್ಲರ ಮುಂದೆ ಮರ್ಯಾದೆ ಹೋಯ್ತು. ಪುರಸಭೆ ಅಧ್ಯಕ್ಷರು ನಂಜುಂಡಪ್ಪನೋರು ಬಸ್‌ಸ್ಟ್ಯಾಂಡಲ್ಲಿ ಮಲಗೋರಿಗೆ ಅಂತ ತಗಡಿನ ಶೆಡ್ ಹಾಕಿಸ್ಕೊಟ್ರು. ಮಾರನೇ ಬೆಳಿಗ್ಗೆ ಶೆಡ್ಡು ಬಂದು ಅವರ ಬಾಗಿಲಿಗೆ ಅಡ್ಡ ನಿಂತ್ಕೊಂಡಿತು. ಈಗ ಅವರು ಬಗ್ಗಿ ಶೆಡ್ ಒಳಗಿಂದ ಹಾದು ಮನೆಗೆ ಹೋಗ್ತಾರೆ. ಯಾರಾದ್ರೂ ನೋಡಿದ್ರೆ ಪೋರ್ಟಿಕೋ ಅಂತಾರೆ. ಇಂಥಾ ಊರಲ್ಲಿ, ಬೀದೀಲಿರೋರಿಗೆ ಕೊಟ್ಟಿದ್ದು ವಾಪಸ್ ಬರ್ಲಿಲ್ಲ ಅಂದ್ರೆ ಕೊಟ್ಟೋನಿಗೆ ಪುರಸಭೆಯಿಂದ ಪೇಟ.

ಈಗ ಹೀರೋಯಿನ್. ಸುಂದ್ರಕ್ಕ. ನಮ್ಮವ್ವನ ವಯಸ್ಸು. ಲಾಡ್ಜಲ್ಲಿ ಪಾತ್ರೆ ತೊಳೀತಿದ್ಲು, ಲಾಡ್ಜು ಮುಚ್ಚಿದ್ಮೇಲೆ ಮುಚ್ಚಿದ ಟಾಕೀಸಿನ ಮುಂದೆ ಬಂದ್ಲು. ಗಾಂಧಿ ಕ್ಲಾಸಿನ ಟಿಕೆಟ್ ಕೌಂಟರಿಗೆ ಕ್ಯೂ ನಿಲ್ಲೋಕೆ ಕಬ್ಬಿಣದ ಕಂಬಿ ಸಂದಿ ಇರುತ್ತಲ್ಲ, ಒಬ್ರ ಹಿಂದೆ ಒಬ್ರು ಮಾತ್ರ ನಿಲ್ಲೋ ಅಂಥದ್ದು, ಅದರೊಳಗೆ ಮಲಗೋಳು. ಅಲ್ಲಿ ನಾನು ಚಡ್ಡಿ ಹರ್ಕೊಂಡು ಫಸ್ಟ್ ಶೋಗೆ ನುಗ್ತಿದ್ದೋನು. ಅಲ್ಲೇ ಒಬ್ರು ಮನೆ ಮಾಡ್ಕೊಂಡಿದ್ದಾರೆ ಅಂದಾಗ ನಂಗೆ ಮೊದಲು ಅನ್ಸಿದ್ದು, ಅಬ್ಬಾ, ಪರ್ಮನೆಂಟ್ ಆಗಿ ಕ್ಯೂನಲ್ಲಿ ಫಸ್ಟು. ನನ್ನ ತಲೆ ಇರೋದೇ ಹಂಗೆ.

ಅವಳಿಗೆ ಒಂದು ದಾರಿ ತೆರ್ಕೊಂಡಿತ್ತು. ಹೆಣ್ಮಕ್ಕಳ ಹಾಸ್ಟೆಲ್ ಅಡುಗೆಮನೇಲಿ ಕೆಲಸ, ಜೊತೆಗೆ ಉಗ್ರಾಣದ ಪಕ್ಕ ಇರೋಕೆ ಒಂದು ರೂಮು. ವಾರ್ಡನ್ ಮೇಡಂ ಹೇಳಿದ್ರಂತೆ, ಸೋಮವಾರ ಬೆಳಿಗ್ಗೆ ಬಾರಮ್ಮ, ಆದ್ರೆ ಅಡುಗೆಮನೆ ಕೆಲಸ, ಬೀದಿ ವಾಸನೆ ಹೊತ್ಕೊಂಡು ಬಂದ್ರೆ ಹೊಸಿಲಿಂದಾನೇ ವಾಪಸ್ ಕಳಿಸ್ತೀನಿ ಅಂತ. ಹಾಸ್ಟೆಲಿನ ಅಟೆಂಡರು ಇದನ್ನ ಟೀ ಅಂಗಡೀಲಿ ಹೇಳಿದ. ಸರಿ, ಊರಿಗೆ ಊರೇ ಊಹೆ ಮಾಡೋಕೆ ಕೂತ್ಕೊಂಡಿತು. ಹೊಸ ಸೀರೆ ಕೊಟ್ರು, ವಾಪಸ್. ಚಪ್ಪಲಿ, ವಾಪಸ್. ಬಾಚಣಿಗೆ, ಪೌಡ್ರು, ಬಳೆ, ಎಲ್ಲಾ ವಾಪಸ್. ಅವಳು ತನ್ನ ಬಟ್ಟೆ ಗಂಟಲ್ಲಿ ಒಂದು ಒಳ್ಳೆ ಸೀರೆ ಮಡಚಿ ಇಟ್ಕೊಂಡಿದ್ಲು, ಅದನ್ನ ಯಾರೂ ನೋಡಿರ್ಲಿಲ್ಲ. ಕಡೆಗೆ ಜನ, ಇವಳಿಗೆ ಏನೂ ಬೇಡ, ಕೊಬ್ಬು ಅಂದ್ರು.

ಆಗ ಎಂಟ್ರಿ ಕೊಟ್ಟಿದ್ದು ನಾನು. ಒಂದು ಮಲ್ಲಿಗೆ ವಾಸನೆ ಸೋಪು ತಗೊಂಡು, ಕಾಲರ್ ಎತ್ಕೊಂಡು, ಕಂಬಿ ಮುಂದೆ ನಿಂತು ಹೇಳ್ದೆ, "ಅಕ್ಕಾ, ಕೊಳೆ ಮೈಗೆ ಇರುತ್ತೆ, ಮನಸ್ಸಿಗಲ್ಲ. ಮೈದನ್ನ ಈ ಸೋಪು ನೋಡ್ಕೊಳುತ್ತೆ, ಮನಸ್ಸಿಂದು ಈ ಮಾದೇಶ ನೋಡ್ಕೋತಾನೆ."

ಸುಂದ್ರಕ್ಕ ಸೋಪನ್ನ ಮೂಸಿ ನೋಡಿದ್ಲು. "ಚೆನ್ನಾಗೈತೆ ಕಣಪ್ಪ," ಅಂದ್ಲು. ಆಮೇಲೆ ರಸ್ತೆ ನೋಡಿದ್ಲು, ರಸ್ತೆ ಆಚೆ ಇರೋ ಬೀದಿ ನಲ್ಲಿ ನೋಡಿದ್ಲು, ನಲ್ಲಿ ಪಕ್ಕ ಬೀಡಿ ಸೇದ್ತಾ ಕೂತಿದ್ದ ಗಂಡಸರನ್ನ ನೋಡಿದ್ಲು. ಸೆರಗಿನ ತುದೀಲಿ ಸೋಪು ಕಟ್ಕೊಂಡು ಸುಮ್ನಾದ್ಲು. ನಾನು ಇದನ್ನೆಲ್ಲ ನೋಡ್ದೆ. ನೋಡಿ, ಆಹಾ ನನ್ನ ಡೈಲಾಗಿಗೆ ಮಾತೇ ಹೊರಡ್ತಿಲ್ಲ ಅಂದ್ಕೊಂಡೆ.

ಮಾರನೇ ಬೆಳಿಗ್ಗೆ ಸೋಪು ನಮ್ಮ ಬೀದೀಲಿ ಜಾರ್ಕೊಂಡು ಬಂತು. ನೀರು ಹಿಡಿಯೋ ಹೆಂಗಸರ ಬಿಂದಿಗೆಗಳ ಸಂದೀಲಿ ಹಾದು, ಹಿಂದೆ ನೊರೆ ಗೆರೆ ಎಳ್ಕೊಂಡು, ಸೀದಾ ನಮ್ಮವ್ವನ ಇಸ್ತ್ರಿ ಗಾಡಿ ಪಕ್ಕ ನಿಂತ್ಕೊಂಡಿತು. ಅವ್ವ ಅದನ್ನ ಎತ್ಕೊಂಡು ಬಚ್ಚಲ ಗೂಡಲ್ಲಿ ಇಟ್ಟು, "ಬಂದಿದ್ದು ಬಂತು, ನೀನಾದ್ರೂ ಹಚ್ಕೊಳಲಾ," ಅಂದ್ಲು. ನಮ್ಮವ್ವ ಚಿಕ್ಕತಾಯಮ್ಮ ದಿನಾ ಬೆಳಿಗ್ಗೆ ನಂಗೆ ಅಂತ ಒಂದು ಹಂಡೆ ನೀರು ಕಾಯಿಸ್ತಾಳೆ. ದಿನಾ ಅದು ಆರಿ ಹೋಗುತ್ತೆ. ಹೀರೋಗೆ ಮೈಮೇಲೆ ಧೂಳಿದ್ರೇನೇ ಎಂಟ್ರಿಗೆ ಗತ್ತು ಅನ್ನೋದು ನನ್ನ ಸಿದ್ಧಾಂತ. ಎಣ್ಣೆ ಸ್ನಾನದ ಹಬ್ಬ ಬಂದ್ರೆ ನಾನು ಊರು ಬಿಡ್ತೀನಿ.

ಸೋಪು ಅನ್ನೋದು ಸಣ್ಣ ಬಜೆಟ್ಟು ಅಂತ ನಂಗೆ ಆಗ ಹೊಳೀತು. ಶನಿವಾರ ವಾಜಿದಣ್ಣ ಅತ್ತೆ ಮನೆಗೆ ಹೋಗಿದ್ದ. ಮಾರನೇ ದಿನ ಒಂದು ನಾಮಕರಣಕ್ಕೆ ಅಂತ ಹೊಸಾ ಶಾಮಿಯಾನ ಅಂಗಡೀಲಿ ರೆಡಿ ಇಟ್ಟಿದ್ದ. ಕೆಂಪು ಹಳದಿ ಪಟ್ಟೆ, ಸುತ್ತಾ ಜಾಲರಿ, ಇನ್ನೂ ಬಟ್ಟೆ ಗಂಜಿ ಬಿಟ್ಟಿರ್ಲಿಲ್ಲ. ಸಂಜೆ ಹೊತ್ತಿಗೆ ಅದನ್ನ ತಂದು ಟಾಕೀಸಿನ ಮುಂದೆ ಕಂಬಿ ಸಂದಿ ಸುತ್ತ ಅರಮನೆ ಎಬ್ಬಿಸ್ದೆ. ಜನ ಸೇರಿದ್ರು. ಮೈಕ್ ತಗೊಂಡೆ. "ಬೀದಿ ಅನ್ನೋದು ಅವಳ ವಿಳಾಸ ಆಗಿತ್ತು. ಇವತ್ತಿಂದ ಬೀದಿಗೇ ಅವಳು ವಿಳಾಸ." ಇದರ ಅರ್ಥ ನಂಗೂ ಗೊತ್ತಿಲ್ಲ, ಆದ್ರೆ ಚಪ್ಪಾಳೆ ಬಂತು.

ಸುಂದ್ರಕ್ಕ ಒಳಗೆ ಹೋಗಿ ಒಂದು ಸುತ್ತು ಬಂದ್ಲು. ಪರದೆ ಎತ್ತಿ ನೋಡಿದ್ಲು, ಬಿಟ್ಟು ನೋಡಿದ್ಲು. ಗಾಳಿಗೆ ಅದು ಹಾರ್ತಿತ್ತು.

"ತಮ್ಮಾ, ಚೆಂದಾಗೈತೆ. ಬಾಗಿಲಿಲ್ವಲ್ಲಪ್ಪ ಇದಕ್ಕೆ."

"ಅರಮನೆಗೆ ಯಾಕಕ್ಕ ಬಾಗಿಲು. ಜನ ನಾಲ್ಕೂ ಕಡೆಯಿಂದ ಬರ್ಲಿ."

"ಅದೇ ಕಣಪ್ಪ ನಾನು ಹೇಳಿದ್ದು," ಅಂದ್ಲು.

ಮೈಕಲ್ಲಿ ನಾನು ಅದನ್ನ, ನೋಡಿ ಅಕ್ಕನಿಗೆ ಮನೆ ಒಪ್ಪಿಗೆ ಆಗಿದೆ ಅಂತ ಅನೌನ್ಸ್ ಮಾಡಿಬಿಟ್ಟೆ.

ಕಟ್ ಮಾಡಿದ್ರೆ ಭಾನುವಾರ ಬೆಳಿಗ್ಗೆ. ನಮ್ಮನೆ ಒಳಗೆ ಕತ್ಲೆ. ಅವ್ವ, "ಏ ಮಾದೇಸಾ, ಬಾಗಿಲು ತೆಗೆಯಾಕೆ ಆಯ್ತಿಲ್ಲ ಕಣ್ಲಾ," ಅಂತಿದ್ಲು. ಕಿಟಕಿ ಸಂದೀಲಿ ನೋಡಿದ್ರೆ ಕೆಂಪು ಹಳದಿ ಪಟ್ಟೆ. ಶಾಮಿಯಾನ ಬಂದಿತ್ತು. ಕಂಬಗಳೆಲ್ಲ ಸಾಲಾಗಿ ಮಾರ್ಕೆಟ್ ರಸ್ತೇಲಿ ನಡ್ಕೊಂಡು ಬಂದ್ವಂತೆ, ಮುಂದೆ ಪರದೆ ಸೆರಗು ಎಳ್ಕೊಂಡು ಹೋದ ಹಾಗೆ ಹೋಗ್ತಿತ್ತಂತೆ, ಜನ ಜಗಲೀಲಿ ಕಾಫಿ ಲೋಟ ಇಟ್ಕೊಂಡು ನೋಡಿದ್ರಂತೆ. ಬಂದಿದ್ದು ಸುಮ್ನೆ ನಿಂತಿರ್ಲಿಲ್ಲ, ನಮ್ಮನೇನ ಮೂಟೆ ಕಟ್ದಂಗೆ ಸುತ್ಕೊಂಡಿತ್ತು. ನಾನು ಹಿತ್ಲ ಕಡೆಯಿಂದ ಹೊರಗೆ ಬಂದು ಹಗ್ಗ ಬಿಚ್ತಿದ್ದಾಗ, ಬೀದಿ ತುದೀಲಿ ಬರಿಗಾಲಲ್ಲಿ ಓಡೋಡಿ ಬಂದ್ಲು ಸುಂದ್ರಕ್ಕ. ಶಾಮಿಯಾನದ ಮಡಿಕೆ ಒಳಗೆ ಅವಳ ಗಂಟು ಸಿಕ್ಕಾಕ್ಕೊಂಡಿತ್ತು. ಅದರೊಳಗೇ ನಾಳೆಗೆ ಇಟ್ಕೊಂಡಿದ್ದ ಸೀರೆ.

"ನನ್ ಗಂಟಪ್ಪ," ಅಂದ್ಲು ಏದುಸಿರು ಬಿಡ್ತಾ. "ನಿನ್ ಅರಮನೆ ನೀನೇ ಇಟ್ಕೊ. ನನ್ ಗಂಟು ಕೊಡು."

ಗಂಟು ಸಿಕ್ತು. ಆದ್ರೆ ಆ ದಾರಿ ಪೂರ್ತಿ ಎಳೆದಾಡಿ ಸೀರೆ ಮುದ್ದೆ ಆಗಿತ್ತು. ಅವ್ವ ಅದನ್ನ ನೋಡಿ, "ಕೊಡಿ ಅಕ್ಕ, ಇಸ್ತ್ರಿ ಹೊಡೆದು ಕೊಡ್ತೀನಿ, ಇವನು ಮಾಡಿದ ಕೆಲಸಕ್ಕೆ," ಅಂತ ಹಿತ್ಲಿಗೆ ಕರ್ಕೊಂಡು ಹೋದ್ಲು. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬ್ತಾ ಇದ್ದಾಗ ಸುಂದ್ರಕ್ಕ ಬಚ್ಚಲ ಕಡೆ ನೋಡ್ತಾ ನಿಂತ್ಲು. ನಮ್ದೇನು ದೊಡ್ಡ ಬಚ್ಚಲಲ್ಲ. ಹೆಂಚಿನ ಮಾಡು, ಹಳೇ ಹಲಗೆ ಬಾಗಿಲು, ಒಳಗೆ ಹಂಡೆ. ಹಂಡೆ ಮೇಲೆ ಹಬೆ ಆಡ್ತಿತ್ತು. ಆದ್ರೆ ಅವಳು ನೋಡ್ತಿದ್ದಿದ್ದು ಹಂಡೇನೂ ಅಲ್ಲ. ಬಾಗಿಲ ಒಳಮೈಲಿದ್ದ ಚಿಲಕ.

ನಮ್ಮವ್ವ ಏನೂ ಕೇಳ್ಲಿಲ್ಲ. ಏನೂ ಕೊಡೋಕೂ ಹೋಗ್ಲಿಲ್ಲ. ಕೆಂಡ ಊದ್ತಾ ಊದ್ತಾ ನನ್ನ ಬೈಯೋಕೆ ಶುರು ಮಾಡಿದ್ಲು. "ಈ ಕತ್ತೆ ಸ್ನಾನ ಮಾಡಲ್ಲ ಅಕ್ಕ. ದಿನಾ ಕಾಯಿಸ್ತೀನಿ, ದಿನಾ ಆರೋಯ್ತದೆ. ಸೌದೆ ದಂಡ. ಚೆಲ್ಲಾಕೆ ನಂಗೆ ಹೊಟ್ಟೆ ಉರೀತದೆ. ಸೀರೆ ಇಸ್ತ್ರಿ ಆಗೋಗಂಟ ನೀವಾರ ಹುಯ್ಕೊಂಬಿಡಿ ಅತ್ಲಾಗೆ. ಸೋಪೂ ಐತೆ ಗೂಡಲ್ಲಿ, ಅದನ್ನೂ ಮುಟ್ಟಿಲ್ಲ ಇವನು."

ಈಗ ಇಲ್ಲಿ ನಾನೇನು ಮಾಡ್ದೆ ಅನ್ನೋದನ್ನ ಊರಿಗೆ ಹೇಳ್ದಂಗೇ ನಿಮಗೂ ಹೇಳ್ತೀನಿ. ನಾನು ಮುಂದೆ ಬಂದೆ. ಬಚ್ಚಲ ಬಾಗಿಲನ್ನ ಎರಡೂ ಕೈಲಿ ತೆಗ್ದೆ. ತಲೆ ತಗ್ಗಿಸ್ದೆ. "ಅಕ್ಕಾ, ಇದು ನನ್ನ ಪಾಲಿನ ನೀರು. ಇವತ್ತಿಂದ ನಿಮ್ಮ ಪಾಲಿಂದು. ನನ್ನ ಮೈಮೇಲೆ ಧೂಳಿದ್ರೂ ಪರವಾಗಿಲ್ಲ, ನನ್ನ ಅಕ್ಕನ ಮೇಲೆ ಬೀದಿ ಇರಬಾರ್ದು," ಅಂದೆ. ಸುಂದ್ರಕ್ಕನ ಕಣ್ಣು ತುಂಬಿತು. ಅವ್ವನ ಕಣ್ಣೂ ತುಂಬಿತು. ಅಷ್ಟೊತ್ತಿಗೆ ಶಾಮಿಯಾನ ಹುಡುಕ್ಕೊಂಡು ಬಂದ ವಾಜಿದಣ್ಣ ಈ ದೃಶ್ಯ ನೋಡಿ, ಸಿಟ್ಟು ಮರೆತು, ಬಾಗಿಲಲ್ಲೇ ಕಣ್ಣು ಒರೆಸ್ಕೊಂಡ.

ಸೋಮವಾರ ಬೆಳಿಗ್ಗೆ ಊರಿಗೆ ಊರೇ ನಮ್ಮ ಬೀದೀಲಿ ಕಾಯ್ತಾ ನಿಂತಿತ್ತು. ಹಾಲಿನೋನು ಬಂದ, ಹೋದ. ಏನೂ ವಾಪಸ್ ಬರ್ಲಿಲ್ಲ. ನೀರು ಹರ್ಕೊಂಡು ಬರುತ್ತೆ ಅಂತ ಕೆಲವರು ಸೀರೆ ಎತ್ತಿ ಹಿಡ್ಕೊಂಡು ನಿಂತಿದ್ರು, ಒಂದು ಹನಿ ಬರ್ಲಿಲ್ಲ. ಅದೇ ಹೊತ್ತಿಗೆ ಸುಂದ್ರಕ್ಕ ತಲೆ ಬಾಚ್ಕೊಂಡು, ಇಸ್ತ್ರಿ ಸೀರೆ ಉಟ್ಕೊಂಡು ಹಾಸ್ಟೆಲಿನ ಹೊಸಿಲು ದಾಟಿದ್ಲು. ವಾರ್ಡನ್ ಮೇಡಂ ಹತ್ರ ಬಂದು ನಿಂತ್ಕೊಂಡು, ಮೂಗು ಅರಳಿಸಿ, "ಯಾವ ಸೋಪಮ್ಮಾ," ಅಂದ್ರಂತೆ. ಕೆಲಸ ಸಿಕ್ತು, ರೂಮು ಸಿಕ್ತು.

ಸಾಯಂಕಾಲ ನಂಜುಂಡಪ್ಪನೋರು ಶೆಡ್ಡಿಂದ ಬಗ್ಗಿ ಹೊರಗೆ ಬಂದು, ಪೇಟ ಹಿಡ್ಕೊಂಡು ನಮ್ಮನೆಗೆ ಬಂದ್ರು. "ಏನಯ್ಯಾ, ನಾವೆಲ್ಲ ತಗಡು, ಸೀರೆ ಅಂತ ಒದ್ದಾಡ್ತಿದ್ರೆ, ನೀನು ಸ್ನಾನ ಅಂತ ಹೆಂಗಯ್ಯಾ ಊಹೆ ಮಾಡ್ದೆ," ಅಂದ್ರು. ನಾನು ಮೈಕಲ್ಲಿ, "ಸಾರ್, ಊಹೆ ಅಲ್ಲ ಇದು, ಹೃದಯ," ಅಂದೆ. ಅವ್ವ ಗಾಡಿ ಹತ್ರ ಯಾರದೋ ಪ್ಯಾಂಟಿಗೆ ನೀರು ಚಿಮುಕಿಸ್ತಾ ನನ್ನ ಮುಖ ನೋಡಿದ್ಲು. ಪೇಟ ನನ್ನ ತಲೆಗೆ ಸ್ವಲ್ಪ ದೊಡ್ಡದಾಗಿತ್ತು, ಕಿವಿವರೆಗೂ ಇಳೀತು. ಹಾಕ್ಕೊಂಡೇ ಮಲಗ್ದೆ.

ಇಷ್ಟಕ್ಕೇ ಶುಭಂ ಅಂತ ಬೋರ್ಡ್ ಹಾಕ್ಬಿಡೋಣ ಅಂದ್ಕೊಂಡಿದ್ದೆ. ಆದ್ರೆ ಪೇಟಾನೂ ಕೊಟ್ಟಿದ್ದೇ ತಾನೆ. ಅದು ನಂಗೆ ಹೊಳೀಲೇ ಇಲ್ಲ.

ಬೆಳಿಗ್ಗೆ ತಲೆ ಮೇಲೆ ಏನೋ ಎಳ್ದಂಗಾಯ್ತು. ಕಣ್ಣು ಬಿಟ್ರೆ ಪೇಟ ಹೊಸಿಲು ದಾಟ್ತಿದೆ. ಹಿಂದಿನ ಸೆರಗು ಹಿಡ್ಕೊಂಡೆ. ಅದು ನಿಲ್ಲಲಿಲ್ಲ, ನನ್ನನ್ನೂ ಎಳ್ಕೊಂಡು ಹೋಯ್ತು. ಲುಂಗೀಲಿದ್ದೆ. ನೀರು ಹಿಡಿಯೋ ಹೆಂಗಸರು ಬಿಂದಿಗೆ ಪಕ್ಕಕ್ಕೆ ಸರಿಸಿ ದಾರಿ ಬಿಟ್ರು. ಜಗಲಿ ಮೇಲೆ ಕಾಫಿ ಲೋಟಗಳು. ಒಂದು ಕೈಲಿ ಲುಂಗಿ, ಒಂದು ಕೈಲಿ ಪೇಟ, ಕಡೆಗೆ ಎರಡ್ರಲ್ಲಿ ಒಂದು ಬಿಡ್ಲೇಬೇಕಾಯ್ತು. ಲುಂಗಿ ಉಳಿಸ್ಕೊಂಡೆ. ಪೇಟ ಮೂಲೆ ತಿರುಗಿ, ನಂಜುಂಡಪ್ಪನೋರ ಶೆಡ್ಡಿನ ಒಳಗೆ ನುಗ್ತು. ವಾಜಿದಣ್ಣ ಅಂಗಡಿ ಬಾಗಿಲಲ್ಲಿ ಕೂತಿದ್ದ. "ಏನೋ ಡೈಲಾಗು, ಈಗ ಹೇಳು ಒಂದು," ಅಂದ. ಲುಂಗಿ ಬಿಗಿ ಮಾಡ್ಕೊಂಡು ಮನೆ ಕಡೆ ತಿರುಗಿದೆ.

ಸರಿ. ನಡೆದಿದ್ದು ಹೇಳ್ಬಿಡ್ತೀನಿ.

ಅವ್ವ ನೀವಾರ ಹುಯ್ಕೊಳ್ಳಿ ಅಂದಾಗ ನಾನು ಬಾಗಿಲು ತೆಗೀಲಿಲ್ಲ. ನಂಗೆ ಹೊಟ್ಟೆ ಉರೀತು. ವರ್ಷಾನುಗಟ್ಟಲೆ ನಾನು ಮುಟ್ಟದೇ ಇದ್ದ ನೀರು, ಇನ್ನೊಬ್ರಿಗೆ ಅಂದ ತಕ್ಷಣ ನಂದು ಅನ್ನಿಸ್ತು. "ಅವ್ವಾ, ಇವತ್ತು ನಾನೇ ಸ್ನಾನ ಮಾಡ್ತೀನಿ," ಅಂದೆ. ಸುಂದ್ರಕ್ಕ ಬಾಗಿಲ ಹತ್ರ ಹೋಗಿದ್ದೋಳು ಕೈ ವಾಪಸ್ ತಗೊಂಡ್ಲು. "ಮಗ ಮಾಡ್ಲಿ ಬಿಡಿ ಅಮ್ಮ, ಬಿಸಿ ನೀರು ಅವನಿಗೇ ಆಗ್ಲಿ," ಅಂತ ಹಿಂದೆ ಸರಿದ್ಲು. ನಾಳೆ ಹಾಸ್ಟೆಲಿಗೆ ಹೋಗ್ಬೇಕಾದೋಳು, ನಂಗೆ ಬೇಕು ಅಂತ ಒಂದ್ಸಲಾನೂ ಕೇಳದೆ, ಮುಖಾನೂ ಸಣ್ಣ ಮಾಡ್ಕೊಳ್ದೆ, ಹಿಂದೆ ಸರಿದ್ಲು. ಅವ್ವ ನನ್ನ ನೋಡಿ, "ಯಾವ ಹಬ್ಬಾಲಾ ಇವತ್ತು," ಅಂದ್ಲು. ನಾನು ಟವೆಲ್ ಹೆಗಲಿಗೆ ಹಾಕ್ಕೊಂಡು ಬಚ್ಚಲ ಬಾಗಿಲವರೆಗೂ ಹೋದೆ. ಹೋಗೇ ಹೋದೆ. ಅಷ್ಟೊತ್ತಿಗೆ ಮುಂದಿನ ಬಾಗಿಲಲ್ಲಿ ವಾಜಿದಣ್ಣ. "ಎಲ್ಲಿ ಅವನು. ಮಗು ತೊಟ್ಟಿಲು ಬಿಸಿಲಲ್ಲಿಟ್ಟವ್ರೆ, ಎಲ್ಲಿ ನನ್ನ ಶಾಮಿಯಾನ." ಕಣ್ಣು ಒರೆಸ್ಕೊಳೋ ಧ್ವನಿ ಅಲ್ಲ ಅದು. ನಾನು ಟವೆಲ್ ಎಸೆದು, ಬಚ್ಚಲ ಪಕ್ಕದಿಂದ ಹಾರಿ, ಹಿಂದಿನ ಮೋರೀಲಿ ಕೂತ್ಕೊಂಡೆ. ನಾನು ನೀರು ಕೊಡ್ಲಿಲ್ಲ. ಓಡಿಹೋದೆ. ಬಚ್ಚಲು ಖಾಲಿ ಆಯ್ತು, ಅಷ್ಟೇ.

ಮೋರೀಲಿ ಕುಕ್ಕರಗಾಲಲ್ಲಿ ಕೂತಿದ್ದಾಗ ಗೋಡೆ ಆಚೆಯಿಂದ ಕೇಳಿಸ್ತು. ಬಾಗಿಲು ಮುಚ್ಚಿದ ಸದ್ದು. ಚಿಲಕ ಸರಿಸಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಸುಂದ್ರಕ್ಕ ಚಿಲಕ ತೆಗೆದ್ಲು. ಮತ್ತೆ ಹಾಕಿದ್ಲು. ಬಾಗಿಲನ್ನ ಒಳಗಿಂದ ಒಂದ್ಸಲ ಎಳೆದು ನೋಡಿದ್ಲು. ಮತ್ತೆ ತೆಗೆದು, ಮತ್ತೆ ಹಾಕಿದ್ಲು. ಆಮೇಲೆ ಚೊಂಬು ಮುಳುಗಿಸಿದ ಸದ್ದು. ಬಚ್ಚಲ ನೀರು ನನ್ನ ಕಾಲ ಮೇಲೆ ಹರೀತು. ಮೊದಲು ಕಂದು, ಆಮೇಲೆ ನೊರೆ, ಮಲ್ಲಿಗೆ ವಾಸನೆ, ಆಮೇಲೆ ತಿಳಿ. ಒಳಗೆ ಅವಳು ಯಾವುದೋ ಹಾಡು ಗುನುಗ್ತಿದ್ಲು, ಪದ ಮರೆತು ಬರೀ ರಾಗ. ಬೇಗ ಬಾ ಅಂತ ಅವಳನ್ನ ಯಾರೂ ಕೂಗ್ಲಿಲ್ಲ. ವಾಜಿದಣ್ಣ ಕೂಡ ಅವ್ವನ ಮಾತು ಕೇಳಿ, ದನಿ ತಗ್ಗಿಸಿ, ಸದ್ದಿಲ್ದಂಗೆ ಕಂಬ ಬಿಚ್ಕೊಂಡು ಹೋದ. ನಂಗೆ ಮಾತ್ರ ಕಾಲು ಜೋಮು ಹಿಡಿದಿತ್ತು, ಆದ್ರೂ ಎದ್ದೇಳೋಕೆ ಆಗ್ಲಿಲ್ಲ. ಆ ಸೋಪು ಕೊಡುವಾಗ ಅವಳು ರಸ್ತೆ, ನಲ್ಲಿ, ಗಂಡಸರು ಅಂತ ಒಂದೊಂದೇ ನೋಡಿದ್ದು ಅಲ್ಲಿ ಕೂತಿದ್ದಾಗ ನೆನಪಾಯ್ತು. ಸಿನಿಮಾದಲ್ಲಾದ್ರೆ ಇದಕ್ಕೆ ಹಿಂದೆ ಮ್ಯೂಸಿಕ್ ಇರುತ್ತೆ. ಮೋರೀಲಿ ಸೊಳ್ಳೆ ಇತ್ತು.

ಪೇಟ ಹೋದ ಮೇಲೆ ಒಂದು ದಿನ ಸುಂದ್ರಕ್ಕ ಹಾಸ್ಟೆಲಿಂದ ಬಂದ್ಲು. ರೂಮಿನ ಬಾಗಿಲಿಗೆ ಒಳಗಿಂದ ಚಿಲಕ ಇದೆ ಅಂತ ಅವ್ವನ ಹತ್ರ ಹೇಳಿದ್ಲು. ಹೋಗುವಾಗ ನನ್ನ ಕೈಲಿ ಕಾಗದದಲ್ಲಿ ಸುತ್ತಿದ್ದು ಏನೋ ಇಟ್ಟು, "ತಗೊಳಪ್ಪ, ನಿಂಗೆ," ಅಂದ್ಲು. ಬಿಚ್ಚಿದ್ರೆ ಸೋಪು. ಹೊಸದು, ಮಲ್ಲಿಗೇದು.

ಮಾರನೇ ಬೆಳಿಗ್ಗೆ ಅದನ್ನ ಹೊಸಿಲ ಮೇಲೆ ಇಟ್ಕೊಂಡು ಕೂತೆ. ಊರೂ ಕೂತಿತ್ತು. ವಾಜಿದಣ್ಣ ಟೀ ಹಿಡ್ಕೊಂಡು ಬಂದಿದ್ದ, ನಂಜುಂಡಪ್ಪನೋರು ಬೀದಿ ಮೂಲೆಯಿಂದ ಇಣುಕ್ತಿದ್ರು. ಹೋಗು ಮಗಾ, ಹೋಗು, ಅಂತ ಮನಸ್ಸಲ್ಲೇ ಬೇಡ್ಕೊಂಡೆ. ಹಾಲಿನೋನು ಬಂದ. ಸೈಕಲ್ ನಿಲ್ಲಿಸಿ ಅವನೂ ನೋಡ್ದ. ಹಾಲು ಹಾಕಿ ಹೋದ.

ಸೋಪು ಅಲ್ಲಾಡ್ಲಿಲ್ಲ.

"ನೀರು ಕಾದೈತೆ," ಅಂದ್ಲು ಅವ್ವ, ಒಳಗಿಂದ.